ತಪ್ಪು ಕಲಿಸುವ ಮೇಷ್ಟ್ರು

ಫೆಬ್ರವರಿ 3, ಸೋಮವಾರ

ಈ ಡೈರಿ ನನ್ನ ಹೆಂಡತಿ ಕೊಟ್ಟದ್ದು. "ದಿನಾ ನನ್ನ ತಪ್ಪು ಎಣಿಸಿ ಹೇಳೋ ಬದಲು ಇದರಲ್ಲಿ ಬರ್ಕೊಳ್ಳಿ. ನನ್ನ ಕಿವಿಗಾದ್ರೂ ರಜ ಸಿಗುತ್ತೆ" ಎಂದಳು.

ತಪ್ಪು ಬರೆಯುವುದು ನನಗೆ ಹೊಸದಲ್ಲ. ಅಗ್ನಿಶಾಮಕ ತರಬೇತಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಸಬರಿಗೆ ಏಣಿ ಎತ್ತುವುದು, ಪೈಪು ಬಿಚ್ಚುವುದು, ಹೊಗೆಯೊಳಗಿಂದ ಮನುಷ್ಯರನ್ನು ಹೊತ್ತು ತರುವುದು ಕಲಿಸಿದವನು ನಾನು. ಅಲ್ಲಿ ನಾನೊಂದು ಪದ್ಧತಿ ಇಟ್ಟಿದ್ದೆ. ಯಾರು ಯಾವ ತಪ್ಪು ಮಾಡಿದರೂ ಪುಸ್ತಕದಲ್ಲಿ ಬರೆಯುವುದು. ಮರುದಿನ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಎಲ್ಲರೆದುರು ಗಟ್ಟಿಯಾಗಿ ಓದುವುದು. ನಿವೃತ್ತನಾಗಿ ಎರಡು ವರ್ಷ ಕಳೆದರೂ ಆ ಪುಸ್ತಕ ನನ್ನ ಹತ್ತಿರವೇ ಇದೆ. ಶಾಲೆಯವರು ಹೊಸ ಜಾಗಕ್ಕೆ ಹೋಗುವಾಗ ಬೀರು, ಬೆಂಚು ಎಲ್ಲ ಸಾಗಿಸಿದರು. ಪುಸ್ತಕ ಬೇಡವೆಂದರು.

ಇವತ್ತು ಮಗಳು ಬಂದಳು. ಎಂಟು ವರ್ಷದ ಹಿಂದೆ ಅವಳೂ ನನ್ನ ಶಾಲೆಗೆ ಸೇರಿದ್ದಳು. ನಾಲ್ಕೇ ವಾರಕ್ಕೆ ಬೂಟು ಬಿಚ್ಚಿಟ್ಟು ಹೋದಳು. ಆಮೇಲೆ ಸಿನಿಮಾ ಅಂತ ಅಲೆದಳು. ನಮ್ಮಿಬ್ಬರ ಮಾತು ಅಂದಿನಿಂದ "ಊಟ ಆಯ್ತಾ", "ಆಯ್ತು" ಇಷ್ಟಕ್ಕೇ ನಿಂತಿತ್ತು.

"ಅಪ್ಪ, ನನಗೆ ಒಂದು ಸಿನಿಮಾ ಸಿಕ್ಕಿದೆ. ನಾನೇ ಡೈರೆಕ್ಟರ್. ಬೆಂಕಿ ಆರಿಸೋ ಕೆಲಸಕ್ಕೆ ಸೇರಿದ ನಾಲ್ಕು ಜನ ನಾಲಾಯಕ್ಕುಗಳ ತಮಾಷೆ ಕಥೆ. ನಿಮ್ಮ ಹಳೇ ಮೈದಾನದಲ್ಲೇ ಹನ್ನೊಂದು ದಿನ ಶೂಟಿಂಗ್. ನೀವು ಬಂದು ನಟರಿಗೆ ಕಲಿಸಬೇಕು."

"ಏಣಿ ಎತ್ತೋದಾ?"

"ಅಲ್ಲ. ಏಣಿ ಬೀಳ್ಸೋದು."

ನಾನು ಎದ್ದು ಹೊರಟೆ. ಅವಳು ಬಿಡಲಿಲ್ಲ. ನಟರು ತಪ್ಪು ಮಾಡುತ್ತಾರೆ, ಆದರೆ ಸುಳ್ಳು ತಪ್ಪಂತೆ; ನೋಡಿದವರಿಗೆ ನಗು ಬರುವುದಿಲ್ಲವಂತೆ. ಏಳನೇ ದಿನ ನಿರ್ಮಾಪಕರು ನೋಡಲು ಬರುತ್ತಾರೆ. ಅವರು ನಗದಿದ್ದರೆ ಅಂದೇ ಕ್ಯಾಮೆರಾ ಗಂಟು ಕಟ್ಟಿಸುತ್ತಾರೆ, ಸಿನಿಮಾ ಅಲ್ಲಿಗೆ ಮುಗಿಯಿತು. ಆ ಮನುಷ್ಯ ಕೊನೆಯ ಸಲ ನಕ್ಕದ್ದು ಯಾವಾಗ ಎಂದು ಅವರ ಮನೆಯವರಿಗೂ ನೆನಪಿಲ್ಲವಂತೆ.

"ನಿಜವಾದ ತಪ್ಪು ಬೇಕು ಅಪ್ಪ. ಅದು ನಿಮ್ಮ ಪುಸ್ತಕದಲ್ಲಿ ಇದೆ."

"ಆಗಲ್ಲ" ಎಂದೆ. ಹೆಂಡತಿ ಒಳಗಿನಿಂದ, "ಬರ್ತಾರೆ ಕಣೇ, ಬುಧವಾರ ಕರ್ಕೊಂಡು ಹೋಗು" ಎಂದಳು.

ಇಂದಿನ ತಪ್ಪು: ಮಗಳು ಹನ್ನೆರಡು ನಿಮಿಷ ತಡವಾಗಿ ಬಂದಳು, ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟಳು. ಹೆಂಡತಿ ನನ್ನ ಪರವಾಗಿ ಉತ್ತರ ಕೊಟ್ಟಳು. ಪಕ್ಕದ ಮನೆಯವನು ಗೇಟು ಹಾಕಲಿಲ್ಲ.

ಫೆಬ್ರವರಿ 5, ಬುಧವಾರ

ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿದೆ. ತರಬೇತಿ ಗೋಪುರ ಮಾತ್ರ ನೆಟ್ಟಗೆ ನಿಂತಿದೆ. ಮೂರು ಅಂತಸ್ತು, ಬಾಗಿಲಿಲ್ಲದ ಕಿಟಕಿಗಳು, ಒಳಗೆ ಮೆಟ್ಟಿಲು.

ನಟರು ನಾಲ್ವರು. ಒಬ್ಬನಿಗೆ ಬಾಗಿಲು ಕಂಡರೆ ಬಗ್ಗುವ ಅಭ್ಯಾಸ, ಅಷ್ಟು ಎತ್ತರ. ಎಲ್ಲರೂ ಉದ್ದಣ್ಣ ಅನ್ನುತ್ತಾರೆ. ಇನ್ನೊಬ್ಬನ ಜೇಬಿನಲ್ಲಿ ಸದಾ ಬನ್ನು, ಹೆಸರೂ ಬನ್ನು. ಮೂರನೆಯವನು ಹೀರೋ, ಮಾತಾಡುವಾಗಲೂ ತೋಳು ನೋಡಿಕೊಳ್ಳುತ್ತಾನೆ. ನಾಲ್ಕನೆಯವಳು ಪುಟಾಣಿ, ಹೆಲ್ಮೆಟ್ಟು ಹಾಕಿದರೆ ಗಲ್ಲ ಮಾತ್ರ ಕಾಣುತ್ತದೆ. ಇವರ ಜೊತೆಗೆ, ಸಿನಿಮಾದಲ್ಲಿ ತರಬೇತುದಾರನ ಪಾತ್ರ ಮಾಡುವವನೊಬ್ಬ. ಅಂಟು ಮೀಸೆ, ಕುತ್ತಿಗೆಗೆ ಸೀಟಿ. ಅವನಿಗೆ ಮೀಸೆ ಎಂದೇ ಹೆಸರು.

ಮಗಳು ನನ್ನ ಪುಸ್ತಕ ತೆಗೆದು ಓದಿದಳು.

"ಅಭ್ಯರ್ಥಿ 31: ಪೈಪಿನ ಸುರುಳಿಯ ನಡುವೆ ನಿಂತು ಸುತ್ತಿದ. ಸುತ್ತಿ ಮುಗಿದಾಗ ಹೊರಗೆ ಬರಲಾಗಲಿಲ್ಲ. ಅಭ್ಯರ್ಥಿ 12: ಬೆಂಕಿ ಬಿದ್ದ ಮನೆಯ ವಿಳಾಸ ಬರೆದುಕೊಂಡು ಅಂಗಿಯ ಜೇಬಿನಲ್ಲಿಟ್ಟ. ಅಂಗಿ ಬಿಚ್ಚಿಟ್ಟು ಸಮವಸ್ತ್ರ ಹಾಕಿ ಹೊರಟ."

ಕ್ಯಾಮೆರಾದವನು ನೆಲದ ಮೇಲೆ ಕೂತು ನಕ್ಕ. ಬನ್ನು ಕೆಮ್ಮಿದ, ಬಾಯಲ್ಲಿದ್ದದ್ದು ಹೊರಗೆ ಬಂತು. ನನಗೆ ಸಿಟ್ಟು ಬಂತು. ಇದರಲ್ಲಿ ನಗುವಂಥದ್ದು ಏನಿದೆ? ಆ ಹನ್ನೆರಡನೆಯವನಿಗಾಗಿ ನಾವು ಹನ್ನೊಂದು ಜನ ಗಾಡಿಯಲ್ಲಿ ಕೂತು ನಾಲ್ಕು ಬೀದಿ ಸುತ್ತಿದ್ದೇವೆ.

ಆಮೇಲೆ ಏಣಿ. ಪುಸ್ತಕದಲ್ಲಿ ಇದ್ದಂತೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯಬೇಕು. ಮುಂದಿನ ಇಬ್ಬರು ಎಡಕ್ಕೆ, ಹಿಂದಿನ ಇಬ್ಬರು ಬಲಕ್ಕೆ ಎಂದು ಹೇಳಿಕೊಟ್ಟೆ. ಮದುವೆ ಮನೆಯಲ್ಲಿ ಕುಣಿದಂತೆ ತಾಳಕ್ಕೆ ಸರಿಯಾಗಿ ತಪ್ಪಿದರು. ಒಬ್ಬರೂ ನಗಲಿಲ್ಲ. ಮಗಳು ಮೂಗಿನ ತುದಿ ತಿಕ್ಕಿಕೊಂಡಳು. ಚಿಕ್ಕವಳಿದ್ದಾಗ ಅಳು ತಡೆಯಲು ಹಾಗೆ ಮಾಡುತ್ತಿದ್ದಳು.

ಇಂದಿನ ತಪ್ಪು: ಉದ್ದಣ್ಣ ಬೂಟಿನ ದಾರ ಕಟ್ಟಲಿಲ್ಲ. ಬನ್ನು ಕೆಲಸದ ಹೊತ್ತಿನಲ್ಲಿ ತಿಂದ. ಹೀರೋ ಏಣಿಯ ಹೊಳಪಿನಲ್ಲಿ ತನ್ನ ಮುಖ ನೋಡಿಕೊಂಡ. ಎಲ್ಲರೂ ನಕ್ಕರು.

ಫೆಬ್ರವರಿ 6, ಗುರುವಾರ

ನನಗೊಂದು ವಿಷಯ ಹೊಳೆದಿದೆ. ದಾರಿ ಗೊತ್ತಿದ್ದವನು ತಾನೇ ದಾರಿ ತಪ್ಪುವುದು? ಇವರಿಗೆ ಸರಿಯಾದದ್ದೇ ಗೊತ್ತಿಲ್ಲ. ಊಟದ ಬಿಡುವಿನಲ್ಲಿ ನಾಲ್ವರನ್ನೂ ಗೋಪುರದ ಹಿಂದೆ ಕರೆದುಕೊಂಡು ಹೋಗಿ ಏಣಿ ಹಿಡಿಯುವ ಕ್ರಮ ಕಲಿಸಿದೆ. ಮಗಳಿಗೆ ಹೇಳಬೇಡಿ ಎಂದೆ.

ಪುಟಾಣಿಗೆ ಒಳ್ಳೆ ಕೈ ಇದೆ.

ಇಂದಿನ ತಪ್ಪು: ಬನ್ನು ತಿಂದ. ನನಗೂ ಅರ್ಧ ಕೊಟ್ಟ. ತಿಂದೆ.

ಫೆಬ್ರವರಿ 8, ಶನಿವಾರ

ಮೀಸೆಯ ದೃಶ್ಯಗಳಿದ್ದವು. ಅವನ ತರಬೇತುದಾರ ಎಂಥ ಆಸಾಮಿ! ಎರಡು ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿಯ ಮೇಲೆ ಎದ್ದೆದ್ದು ನಿಂತು, "ಬೆಂಕಿ ನಿಮ್ಮಪ್ಪನ ಮನೆ ಆಳಲ್ಲ ಕಣ್ರೋ, ಕಾಯ್ಕೊಂಡು ಕೂರೋಕೆ!" ಎಂದು ಕಿರುಚುತ್ತಾನೆ. ಸಿಟ್ಟು ಬಂದರೆ ಸೀಟಿ ಬಾಯಲ್ಲಿಟ್ಟುಕೊಂಡೇ ಬೈಯುತ್ತಾನೆ, ಪ್ರತಿ ಬೈಗುಳಕ್ಕೂ ಪೀ ಪೀ ಎಂದು ಸದ್ದು. ಇಂಥವನನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರೋ ಎಂದು ನಾನೇ ನಕ್ಕೆ. ಎರಡು ವರ್ಷದಲ್ಲಿ ಹೀಗೆ ನಕ್ಕಿರಲಿಲ್ಲ. ಕ್ಯಾಮೆರಾದವನು, ಬನ್ನು, ಟೀ ಕೊಡುವಾಕೆ, ಎಲ್ಲರೂ ಮೀಸೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಮನೆಗೆ ಬಂದು ಹೆಂಡತಿಗೆ ಅಭಿನಯಿಸಿ ತೋರಿಸಿದೆ. ಅವಳು ಸೌಟು ಕೆಳಗಿಟ್ಟು ಕೇಳಿದಳು: "ರೀ, ಇದರಲ್ಲಿ ಅಭಿನಯ ಎಲ್ಲಿಂದ ಶುರು ಆಯ್ತು?"

ಹತ್ತು ನಿಮಿಷ ಹಿತ್ತಲಲ್ಲಿ ನಿಂತಿದ್ದೆ. ಕೈ ಬೆನ್ನ ಹಿಂದೆ ಇತ್ತು. ಮುಂದಕ್ಕೆ ತಂದುಕೊಂಡೆ. ಎಲ್ಲಿಡಬೇಕೋ ತಿಳಿಯಲಿಲ್ಲ.

ನಾಳೆಯಿಂದ ಹೋಗುವುದಿಲ್ಲ.

ಫೆಬ್ರವರಿ 9, ಭಾನುವಾರ

ಹೋದೆ. ಏಣಿಯ ದೃಶ್ಯ ಇತ್ತು. ನಾನಿಲ್ಲದೆ ಯಾರದಾದರೂ ಬೆರಳು ಜಜ್ಜಿದರೆ ಯಾರು ಹೊಣೆ?

ಏಣಿ ತಲೆಕೆಳಗಾಗಿ ನಿಂತು, ಕೊನೆಗೆ ನಾಲ್ವರೂ ಅದರ ಸಂದಿಯಲ್ಲಿ ಸಿಕ್ಕಿಕೊಳ್ಳಬೇಕಿತ್ತು. ಮಗಳು "ಆ್ಯಕ್ಷನ್" ಎಂದಳು. ಉದ್ದಣ್ಣ ಬುಡ ಒತ್ತಿ ಹಿಡಿದ, ಹೀರೋ ಮತ್ತು ಬನ್ನು ಎರಡೂ ಕಡೆ ಏರಿಸಿದರು, ಪುಟಾಣಿ ಸರಸರ ಹತ್ತಿ ಕಿಟಕಿ ಮುಟ್ಟಿದಳು. ಇಪ್ಪತ್ತೆರಡು ಸೆಕೆಂಡು! ನನ್ನ ಒಳ್ಳೆಯ ತಂಡಗಳೂ ಇಪ್ಪತ್ತೈದು ತೆಗೆದುಕೊಳ್ಳುತ್ತಿದ್ದವು. ನಾಲ್ವರೂ ತಬ್ಬಿಕೊಂಡು ಕುಣಿದರು. ನಾನೂ ಚಪ್ಪಾಳೆ ತಟ್ಟಿಬಿಟ್ಟೆ.

ಮಗಳು ತಟ್ಟಲಿಲ್ಲ.

"ಮತ್ತೆ" ಎಂದಳು. ಮತ್ತೆ ಇಪ್ಪತ್ತೆರಡು. ಏಳು ಸಲ ತೆಗೆದರು. ಬೀಳಿಸಲು ಹೋದಾಗಲೆಲ್ಲ ಯಾರದಾದರೂ ಕೈ ತಾನಾಗಿ ಹೋಗಿ ಏಣಿ ಹಿಡಿಯುತ್ತಿತ್ತು. ಉದ್ದಣ್ಣ ಅಳುದನಿಯಲ್ಲಿ, "ಮೇಡಂ, ಬೀಳ್ತಾ ಇಲ್ಲ, ಏನ್ ಮಾಡ್ಲಿ?" ಎಂದ.

"ಇವರಿಗೆ ಯಾರು ಕಲಿಸಿದ್ದು?"

ಯಾರೂ ಬಾಯಿ ಬಿಡಲಿಲ್ಲ. ಬನ್ನು ಆಕಾಶ ನೋಡಿದ. ಒಳ್ಳೆಯ ತಂಡ ಅಂದರೆ ಹೀಗಿರಬೇಕು.

"ನಾನೇ" ಎಂದೆ.

"ಅಪ್ಪ! ನನ್ನ ಸಿನಿಮಾನ ಸರಿ ಮಾಡಿಬಿಟ್ರಲ್ಲ ಅಪ್ಪ!"

ಅವಳ ದನಿ ಒಡೆಯಿತು. ನಾಡಿದ್ದು ನಿರ್ಮಾಪಕರು ಬರುತ್ತಾರೆ. ತೋರಿಸಲು ಒಂದು ನಗುವಿಲ್ಲ.

ಇಂದಿನ ತಪ್ಪು: ನನ್ನದಿರಬಹುದು.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಹೋದೆ. ಹಾಳು ಮಾಡಿದವನೇ ರಿಪೇರಿ ಮಾಡಬೇಕು. ನಾಲ್ವರ ಬೂಟುಗಳನ್ನು ಅದಲುಬದಲು ಮಾಡಿದೆ. ಉದ್ದಣ್ಣನ ಜಾಗಕ್ಕೆ ಪುಟಾಣಿ, ಪುಟಾಣಿಯ ಜಾಗಕ್ಕೆ ಬನ್ನು. ಏಣಿಗೆ ಸೋಪಿನ ನೀರು ಸವರಿಸಿದೆ, ಕೆಳಗೆ ಹುಲ್ಲಿನ ಮೇಲೆ ದಪ್ಪ ಹಾಸಿಗೆ ಹಾಸಿಸಿದೆ. ಮಗಳು ದೂರದಿಂದಲೇ ನೋಡಿದಳು.

"ಇವತ್ತು ಯಾರೂ ತಪ್ಪು ಮಾಡಬೇಡಿ. ಎಷ್ಟು ಸರಿ ಮಾಡೋಕಾಗುತ್ತೋ ಅಷ್ಟು ಸರಿ ಮಾಡಿ" ಎಂದೆ.

ಮಾಡಿದರು ಪಾಪ, ಜೀವ ತೇಯ್ದು ಮಾಡಿದರು. ಉದ್ದಣ್ಣನ ಹಿಮ್ಮಡಿ ಪುಟಾಣಿಯ ಬೂಟಿನೊಳಗೆ ಹೋಗಲೇ ಇಲ್ಲ, ಬೆರಳ ತುದಿಯಲ್ಲೇ ಓಡಿದ. ಬನ್ನು ಎರಡು ಮೆಟ್ಟಿಲು ಹತ್ತಿ ನಾಲ್ಕು ಜಾರಿದ. ನಾಲ್ಕು ಹೇಗೆ ಜಾರಿದ ಎಂದು ಈಗಲೂ ಲೆಕ್ಕ ಸಿಗುತ್ತಿಲ್ಲ. ಹೀರೋ ಅವನನ್ನು ಹಿಡಿಯಲು ಹೋಗಿ, ಅವನ ಬದಲು ಏಣಿಯನ್ನು ತಬ್ಬಿ ಅದರೊಡನೆ ನಿಧಾನವಾಗಿ ಒರಗುತ್ತಾ, "ಮೇಷ್ಟ್ರೇ, ಸರಿಯಾಗಿದೆಯಾ? ಸರಿಯಾಗಿದೆಯಾ?" ಎಂದು ಹಾಸಿಗೆ ಮುಟ್ಟುವವರೆಗೂ ಕೇಳುತ್ತಿದ್ದ. ಮಗಳು "ಕಟ್" ಅನ್ನಲು ಬಾಯಿ ತೆರೆದರೆ ಬರೀ ನಗು.

ಟೀ ಹೊತ್ತಿಗೆ ಗೋಪುರದ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು. ಪುಸ್ತಕ ಅವಳ ಮಡಿಲಲ್ಲಿತ್ತು. ಒಂದು ಪುಟ ತೆಗೆದು ನನ್ನ ಕೈಗೆ ಕೊಟ್ಟಳು.

"ಅಭ್ಯರ್ಥಿ 19: ಗೊಂಬೆಯನ್ನು ಹೊತ್ತು ಮೆಟ್ಟಿಲಿಳಿಯುವಾಗ ಅದರ ಜೊತೆ ಮಾತಾಡುತ್ತಾ ಬಂದಳು. ಮೂರು ನಿಮಿಷ ವ್ಯರ್ಥ. ಈ ಕೆಲಸಕ್ಕೆ ತಕ್ಕವಳಲ್ಲ."

ಗೊಂಬೆ ಎಂದರೆ ಗೋಣಿಯಲ್ಲಿ ಹೊಟ್ಟು ತುಂಬಿ, ಸಮವಸ್ತ್ರ ತೊಡಿಸಿದ್ದು. ಗಾಯಾಳುವಿನ ಬದಲು ಅದನ್ನು ಹೊತ್ತು ಕಲಿಯುತ್ತಾರೆ. ಹುಡುಗರು ಅದಕ್ಕೆ ಮಾವ ಎನ್ನುತ್ತಿದ್ದರು. ಹತ್ತೊಂಬತ್ತನೇ ಅಭ್ಯರ್ಥಿ ನನ್ನ ಮಗಳು.

"ಸಿನಿಮಾದ ಕೊನೇ ದೃಶ್ಯ ಇದೇ ಅಪ್ಪ. ನಾಳೆ ನಿರ್ಮಾಪಕರ ಮುಂದೆ ತೆಗೀತೀನಿ. ಪುಟಾಣಿ ಮಾವನ ಜೊತೆ ಮಾತಾಡ್ತಾ ಇಳೀಬೇಕು."

"ನೀನು ಅವತ್ತು ಯಾಕೆ ಮಾತಾಡಿದೆ?"

"ಹೊತ್ಕೊಂಡು ಹೋಗ್ತಿರೋರಿಗೆ ಏನಾಗ್ತಿದೆ ಅಂತ ಹೇಳ್ಬೇಕಲ್ವಾ?"

"ಅದು ಗೊಂಬೆ."

"ಗೊಂಬೆ ಅಂತ ನಂಗೂ ಗೊತ್ತಿತ್ತು. ಮಾರನೇ ದಿನ ನೀವು ಓದಿದ್ರಿ. ನಲವತ್ತು ಜನ ನಕ್ಕರು."

"ನಾನು ನಗಲಿಲ್ಲ."

"ಹೌದು, ನೀವೊಬ್ಬರು ನಗ್ಲಿಲ್ಲ" ಎಂದಳು. ಟೀ ಲೋಟದಲ್ಲಿ ಏನೋ ಹುಡುಕಿದಳು. "ನೀವೂ ನಕ್ಕಿದ್ರೆ ನಾನು ಉಳ್ಕೋತಿದ್ನೇನೋ."

ಎದ್ದು ಹೋದಳು. ಟೀ ಆರಿತ್ತು. ಆರಿದ್ದನ್ನೇ ಕುಡಿದೆ.

ಫೆಬ್ರವರಿ 11, ಮಂಗಳವಾರ

ಬರೆಯಲು ಬಹಳ ಇದೆ. ಭುಜ ನೋಯುತ್ತಿದೆ, ಆದರೂ ಬರೆಯುತ್ತೇನೆ.

ನಿರ್ಮಾಪಕರು ಹತ್ತು ಗಂಟೆಗೆ ಬಂದರು. ಬಿಳಿ ಅಂಗಿ, ಮುಖ ಮುಚ್ಚಿದ ಅಂಗಡಿಯ ಹಾಗೆ. ಕುರ್ಚಿ ಹಾಕಿ ಕೂರಿಸಿ, ನಿನ್ನೆಯ ಏಣಿಯ ದೃಶ್ಯ ತೋರಿಸಿದರು. ನೋಡಿದರು. "ಹೂಂ" ಎಂದರು. ಬನ್ನು ಜಾರಿದಾಗ ಇನ್ನೊಂದು "ಹೂಂ". ಅಷ್ಟೇ. ಕೈಗಡಿಯಾರ ನೋಡಿ, "ಇನ್ನೇನಿದೆ?" ಎಂದರು. ಮಗಳು ಮೂಗಿನ ತುದಿ ತಿಕ್ಕಿಕೊಂಡಳು.

ಇನ್ನುಳಿದದ್ದು ಗೊಂಬೆಯ ದೃಶ್ಯ. ಅಷ್ಟರಲ್ಲಿ ಗೋಪುರದ ಹಿಂದೆ ಪೈಪು ಪರೀಕ್ಷಿಸುತ್ತಿದ್ದ ಬನ್ನು ಮಾವನಿಗೆ ಚೆನ್ನಾಗಿ ಸ್ನಾನ ಮಾಡಿಸಿಬಿಟ್ಟಿದ್ದ. ಹೊಟ್ಟು ನೀರು ಕುಡಿದು ಮಾವ ಎಮ್ಮೆಯಷ್ಟು ಭಾರವಾಗಿದ್ದ. ಪುಟಾಣಿ ಎತ್ತಲು ಹೋಗಿ ಅವನ ಕೆಳಗೇ ಮಲಗಿದಳು.

"ಇವತ್ತು ಆಗಲ್ಲ ಅಂದ್ರೆ ಹೇಳಿಬಿಡಿ" ಎಂದು ನಿರ್ಮಾಪಕರು ಕುರ್ಚಿಯಿಂದ ಅರ್ಧ ಎದ್ದರು.

ನಾನು ಬನ್ನುವನ್ನು ಕರೆದು, "ಮಾವನ ಬಟ್ಟೆ ಬಿಚ್ಚು" ಎಂದೆ. ಒದ್ದೆ ಮಾವನಿಗಿಂತ ನಾನು ಹಗುರ. ಮೊದಲ ಅಂತಸ್ತಿನಲ್ಲಿ ಒದ್ದೆ ಸಮವಸ್ತ್ರ ತೊಟ್ಟು, ತಲೆಗೆ ಗೋಣಿಯ ಮುಸುಕು ಎಳೆದುಕೊಂಡು ಮಲಗಿದೆ. ಉಸಿರಿಗೊಂದು ತೂತು ಇತ್ತು. ಕೆಳಗಿದ್ದ ನಿರ್ಮಾಪಕರಿಗೆ ಮಾತ್ರ ಇದು ಗೊತ್ತಿಲ್ಲ.

ಪುಟಾಣಿ ನನ್ನನ್ನು ಹೊತ್ತಳು. ಹೊರುವ ಕ್ರಮ ಸರಿ ಇತ್ತು. ಆದರೆ ಮಾತು ಮಾತ್ರ ನಾಟಕ. ಕಣ್ಣರಳಿಸಿ, ಸೊಂಟ ತಿರುಗಿಸಿ, "ಅಯ್ಯೋ ಮಾವ, ಎಷ್ಟು ದಪ್ಪ ಇದ್ದೀಯೋ!" ಎನ್ನುತ್ತಾಳೆ. ಎರಡು ಸಲ ತೆಗೆದರು. ಕೆಳಗಿನಿಂದ ಎರಡು "ಹೂಂ" ಕೇಳಿಸಿತು.

"ಹಾಗಲ್ಲ. ನಗಿಸೋಕೆ ಮಾತಾಡಬೇಡ. ನೋಡು, ನಾನು ತೋರಿಸ್ತೀನಿ" ಎಂದು ಮಗಳೇ ಮೇಲೆ ಬಂದಳು. ಪುಟಾಣಿಯ ಹೆಲ್ಮೆಟ್ಟು ತಾನು ಹಾಕಿಕೊಂಡಳು. ಕ್ಯಾಮೆರಾದವನು ನಿಲ್ಲಿಸಲಿಲ್ಲ.

ಒಂದೇ ಎಳೆತಕ್ಕೆ ಹೆಗಲಿಗೇರಿಸಿದಳು. ಇಷ್ಟು ಗಟ್ಟಿ ಯಾವಾಗ ಆದಳೋ! ಮೂವತ್ತೊಂದು ವರ್ಷ ನಾನು ಹೊತ್ತಿದ್ದೇನೆ, ಹೊರುವುದನ್ನು ಕಲಿಸಿದ್ದೇನೆ. ನನ್ನನ್ನು ಯಾರೂ ಹೊತ್ತದ್ದಿಲ್ಲ. ತಲೆ ಕೆಳಗೆ, ರಕ್ತವೆಲ್ಲ ಕಿವಿಗೆ. ತೂತಿನಲ್ಲಿ ಅವಳ ಬೂಟಿನ ಹಿಮ್ಮಡಿ, ಅದರಾಚೆ ಅಲುಗಾಡುವ ಮೆಟ್ಟಿಲು. ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೋ ತಿಳಿಯದು. ನನಗೆ, ನಿಜ ಹೇಳಬೇಕೆಂದರೆ, ಹೆದರಿಕೆಯಾಯಿತು.

"ಹೆದರಬೇಡಿ. ಹಿಡ್ಕೊಂಡಿದೀನಿ" ಎಂದಳು.

ಮೆಲ್ಲಗೆ, ನನಗಷ್ಟೇ ಎಂಬಂತೆ.

"ಒಟ್ಟು ಹದಿನೆಂಟು ಮೆಟ್ಲು. ಆರು ಆಯ್ತು. ಈಗ ತಿರುವು ಬರುತ್ತೆ, ಸ್ವಲ್ಪ ವಾಲ್ತೀವಿ, ಅಷ್ಟೆ. ವಾಲಿದ್ವಾ? ಆಯ್ತು. ಕಣ್ಣು ಮುಚ್ಕೊಂಡ್ರೂ ಪರವಾಗಿಲ್ಲ. ನಾನು ನೋಡ್ತಿದೀನಿ."

ಮುಚ್ಚಿಕೊಂಡೆ. ನಾನು ಹೊತ್ತು ತಂದವರು ನೆನಪಾದರು. ಒಬ್ಬ ಮುದುಕ ದಾರಿಯುದ್ದಕ್ಕೂ ಏನೋ ಕೇಳುತ್ತಲೇ ಇದ್ದ. "ಸುಮ್ನಿರ್ರೀ" ಎಂದಿದ್ದೆ. ಏನು ಕೇಳುತ್ತಿದ್ದನೋ.

"ಇನ್ನು ನಾಲ್ಕೇ ಮೆಟ್ಲು. ಮನೇಲಿ ಯಾರ್ಯಾರಿದಾರೆ ನಿಮಗೆ?"

"ನಿಮ್ಮಮ್ಮ ಇದಾಳಲ್ಲ" ಎಂದೆ.

ಗೊಂಬೆ ಮಾತಾಡಬಾರದು. ಆದರೆ ಆ ದನಿಗೆ ಉತ್ತರ ಕೊಡದೆ ಇರಲಾಗಲಿಲ್ಲ.

ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿ ಕೂತಿದ್ದ ನಿರ್ಮಾಪಕರು "ಅಯ್ಯಯ್ಯೋ!" ಎಂದು ಎದ್ದರು. ಕುರ್ಚಿ ಹಿಂದಕ್ಕೆ, ಟೀ ಬಿಳಿ ಅಂಗಿಯ ಮೇಲಕ್ಕೆ. "ಗೊಂಬೆ! ಗೊಂಬೆ ಮಾತಾಡ್ತು ಕಣ್ರೀ! ಅವರಮ್ಮನ ವಿಷಯ ಮಾತಾಡ್ತು!" ಎಂದು ಉದ್ದಣ್ಣನ ಬೆನ್ನ ಹಿಂದೆ ಅಡಗಿದರು. ಮಗಳು ಕೊನೆಯ ಮೆಟ್ಟಿಲ ಮೇಲೆ ನಿಂತೇ ಬಿಟ್ಟಳು. ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಗಾಬರಿಯಿಂದ ಮುಸುಕು ತೆಗೆದೆ. ನಗುತ್ತಿದ್ದಳು. ನನ್ನ ಮುಖ ಕಂಡ ನಿರ್ಮಾಪಕರು ಒಂದು ಕ್ಷಣ ಬಾಯಿ ತೆರೆದು ನಿಂತರು. ಆಮೇಲೆ ಅವರ ಹೊಟ್ಟೆಯಲ್ಲಿ ಏನೋ ಕದಲಿತು. ತುಕ್ಕು ಹಿಡಿದ ಕೊಳಾಯಿಯಂತೆ ಮೊದಲು ಗೊರಗೊರ ಸದ್ದು, ನಂತರ ಒಮ್ಮೆಲೇ ಧಾರೆ. ನಕ್ಕು ನಕ್ಕು ಹುಲ್ಲಿನ ಮೇಲೆ ಕೂತರು. ಹೀರೋ ಬೆನ್ನು ನೀವಿದ.

ನಾನು ಇನ್ನೂ ಮಗಳ ಹೆಗಲ ಮೇಲೇ ಇದ್ದೆ. ನಾನೂ ನಕ್ಕೆ. ತಲೆಕೆಳಗಾಗಿ ನಕ್ಕರೆ ಹೊಟ್ಟೆ ಬಹಳ ನೋಯುತ್ತದೆ.

"ಅಪ್ಪ, ಕುಲುಕಬೇಡಿ, ಬೀಳಿಸ್ತೀನಿ" ಎಂದಳು. ಬೀಳಿಸಲಿಲ್ಲ.

ಹನ್ನೊಂದು ದಿನ ಪೂರಾ ಶೂಟಿಂಗ್ ನಡೆಯಲಿ ಎಂದು ನಿರ್ಮಾಪಕರು ಹೇಳಿ ಹೋದರು. ಹೋಗುವಾಗ ನಿಜವಾದ ಮಾವನಿಗೂ ಒಂದು ನಮಸ್ಕಾರ ಹಾಕಿದರು, ಯಾವುದಕ್ಕೂ ಇರಲಿ ಅಂತ.

ಫೆಬ್ರವರಿ 12, ಬುಧವಾರ

ಭುಜಕ್ಕೆ ಎಣ್ಣೆ. ಹೆಂಡತಿ ಮೂರು ಸಲ ಕಥೆ ಹೇಳಿಸಿಕೊಂಡಳು. ಮೂರನೇ ಸಲ "ನಿಮ್ಮಮ್ಮ ಇದಾಳಲ್ಲ" ಎಂಬಲ್ಲಿಗೆ ಬಂದಾಗ ನಾನು ಹೇಳುವ ಮೊದಲೇ ತಾನು ಹೇಳಿಬಿಟ್ಟಳು. ಪಕ್ಕದ ಮನೆಯವನನ್ನೂ ಕರೆದು ಹೇಳಿದೆವು. ಒಳ್ಳೆಯ ಮನುಷ್ಯ, ಚೆನ್ನಾಗಿ ನಗುತ್ತಾನೆ.

ಫೆಬ್ರವರಿ 15, ಶನಿವಾರ

ಕೊನೆಯ ದಿನ. ಗೊಂಬೆ ಉತ್ತರ ಕೊಡುವುದು ಸಿನಿಮಾದಲ್ಲಿ ಇರಲೇಬೇಕೆಂದು ನಿರ್ಮಾಪಕರ ಹಟ. ಮಂಗಳವಾರದ್ದರಲ್ಲಿ ಪುಟಾಣಿ ಇಲ್ಲ, ಮಗಳಿದ್ದಾಳೆ. ಆದ್ದರಿಂದ ಪುಟಾಣಿಯ ಹೆಗಲ ಮೇಲೆ ಮತ್ತೆ ತೆಗೆಯಬೇಕು. ಹುಡುಗಿ ಈಗ ಎಷ್ಟು ಚೆನ್ನಾಗಿ ಮಾತಾಡಿಸುತ್ತಾಳೆ! ಕೆಟ್ಟವನು ನಾನು. ಅವಳು ಕೇಳುವ ಮೊದಲೇ ಒಮ್ಮೆ ಉತ್ತರ ಕೊಟ್ಟೆ. ಇನ್ನೊಮ್ಮೆ ಹಾಜರಿ ಹೇಳುವವನಂತೆ ಕೂಗಿದೆ. ಹನ್ನೊಂದು ಸಲ ಮೆಟ್ಟಿಲಿಳಿದೆವು.

"ಮೇಷ್ಟ್ರೇ, ಸುಳ್ಳು ತಪ್ಪು ಮಾಡ್ತಿದೀರ" ಎಂದು ಬನ್ನು ಎಲ್ಲರೆದುರು ಹೇಳಿದ. ಹನ್ನೆರಡನೇ ಸಲ ಸರಿಹೋಯಿತು.

ಆಮೇಲೆ ಉಳಿದದ್ದು ಒಂದೇ ತುಣುಕು. ಗೊಂಬೆಯನ್ನು ಅಂಗಳದಲ್ಲಿ ಮಲಗಿಸಿ ನಾಲ್ವರೂ ಸೆಲ್ಯೂಟ್ ಹೊಡೆಯುವುದು. ನನ್ನನ್ನು ಮಲಗಿಸಿದರು. ಬೆಳಕು ಹೊಂದಿಸುತ್ತಿದ್ದರು, ಹುಲ್ಲು ಮೆತ್ತಗಿತ್ತು, ಬಿಸಿಲು ಹದವಾಗಿತ್ತು.

ಕಣ್ಣು ಬಿಟ್ಟಾಗ ಬಿಸಿಲು ಗೋಪುರದ ಆಚೆ ಹೋಗಿತ್ತು. ನಲವತ್ತು ನಿಮಿಷ ನಿದ್ದೆ ಹೋಗಿದ್ದೆನಂತೆ. ಮೈಮೇಲೆ ಮಗಳ ಜಾಕೀಟು. ಬಿಸಿಲು ಹೋದರೂ ಉದ್ದಣ್ಣ ನನ್ನ ಮುಖಕ್ಕೆ ನೆರಳಾಗಿ ನಿಂತೇ ಇದ್ದ, ಅಲುಗಾಡದೆ. ಮೀಸೆ ಸೀಟಿಯ ಬಾಯಿಗೆ ಬೆರಳಿಟ್ಟು ಕೂತಿದ್ದ. ಮೂವತ್ತು ಜನರ ಗುಂಪು ಪಿಸುಮಾತಿನಲ್ಲಿ ಓಡಾಡುತ್ತಿತ್ತು.

"ಬೆಳಕು ಹೋಗ್ತಿದೆ, ಎಬ್ಬಿಸೋಣ ಅಂತ ನಾಲ್ಕು ಸಲ ಕೇಳ್ದೆ" ಎಂದು ಕ್ಯಾಮೆರಾದವನು ದೂರು ಹೇಳಿದ. "ಡೈರೆಕ್ಟರಮ್ಮ ಬಿಡ್ಲಿಲ್ಲ. ಹಾಗೇ ತೆಗೀರಿ ಅಂದ್ರು. ನೀವು ಗೊರಕೆ ಹೊಡೀತಾ ಇರೋವಾಗ್ಲೇ ಸೆಲ್ಯೂಟ್ ಹೊಡೆದಾಯ್ತು. ಗೊಂಬೆ ಗೊರಕೆ ಹೊಡೆಯೋ ಸಿನಿಮಾ ಇದೊಂದೇ ಇರ್ಬೇಕು."

ಮಗಳು ದೂರದಲ್ಲಿ ಬೆನ್ನು ತಿರುಗಿಸಿ ವೈರು ಸುತ್ತುವವರಿಗೆ ಏನೋ ಹೇಳುತ್ತಿದ್ದಳು, ಕೈ ಎರಡೂ ಬೆನ್ನ ಹಿಂದೆ. ನಾನೇ ಅವಳ ಜಾಗದಲ್ಲಿದ್ದರೆ ಒಂದು ಬಕೆಟ್ ನೀರು ಸುರಿದು ಎಬ್ಬಿಸುತ್ತಿದ್ದೆ. ಕೂಗೋಣವೆಂದುಕೊಂಡೆ. ಜಾಕೀಟು ಬೆಚ್ಚಗಿತ್ತು. ಇನ್ನೊಂದು ಐದು ನಿಮಿಷ ಹಾಗೇ ಮಲಗಿದೆ.